ನಾಲ್ಕನೇ ಜ್ವರಕ್ಕೆ ಮುಂಚೆ

ಹೊಟ್ಟಿಗೆ ದುಡ್ಡು ಕೇಳಲಿಲ್ಲ ಹಲಗೂರಿನ ಮಿಲ್ಲಿನವನು.
"ಒಲೆಗಾ?" ಅಂದ.
ಅಲ್ಲ, ಅಟ್ಟಕ್ಕೆ.
"ಅಟ್ಟಕ್ಕೆ ಭತ್ತ ಹಾಕೋರ ಕಂಡಿವ್ನಿ,
ಹೊಟ್ಟು ಹಾಕೋರ ಇವತ್ತೇ ಕಂಡಿದ್ದು ಕನಕ್ಕ"
ಎಂದು ನಗುತ್ತ ಸಲಿಕೆಯಲ್ಲೇ ಎತ್ತಿ ತುಂಬಿಸಿದ
ಇಪ್ಪತ್ತೆರಡು ಗೋಣಿಚೀಲ.

ಹೋದ ಬೆಳೆ, ಶಿವರಾತ್ರಿ ಕಳೆದ ಮೇಲೆ:
ಮೂರನೇ ಜ್ವರ ಬಿಟ್ಟೆದ್ದ ಹುಳ
ಸೊಪ್ಪಿನ ಮೇಲೆ ತಲೆಯೆತ್ತಿ ನಿಂತವು,
ಯಾರೋ ಕರೆದ ಹಾಗೆ.
ತಿನ್ನಲಿಲ್ಲ.
ಮಹಡಿಯ ಗೋಡೆಯ ಥರ್ಮಾಮೀಟರು
ಮೂವತ್ತಾರು ತೋರಿಸಿ ಸುಮ್ಮನಿತ್ತು,
ಅದರ ಕೆಲಸ ಅಷ್ಟೇ.
ನೂರೈವತ್ತು ಮೊಟ್ಟೆಯ ಹುಳ,
ಗುಂಡಿ ತೋಡಿ ಸುಣ್ಣ ಸುರಿದು ಮುಚ್ಚಿದವಳು ನಾನು.

ಹಂಚು ಕಾದು ಅಟ್ಟಕ್ಕಿಳಿಯುತ್ತದೆ,
ಅಟ್ಟ ಕಾದು ಹಲಗೆಗೆ,
ಹಲಗೆ ಕಾದು ಹುಳದ ಬೆನ್ನಿಗೆ.
ಮಾಗಿಯಲ್ಲಿ ಇದೇ ಏಣಿ ತಿರುವುಮುರುವು:
ರಾತ್ರಿಯೆಲ್ಲ ಕೆಂಡವಿಟ್ಟು ಕೂಡಿಸಿದ ಬಿಸಿ
ಬೆಳಗಿನ ಜಾವಕ್ಕೆ ಹಂಚಿನಾಚೆ ಹೋಗಿ
ಕಾಗೆಯ ಕಾಲು ಬೆಚ್ಚಗೆ ಮಾಡುತ್ತದೆ.

ಅಳತೆಗೆ ಬಂದ ನಿಂಗಾಚಾರಿ ಹೇಳಿದ:
"ಗಿಡಿದು ತುಂಬಬ್ಯಾಡ, ವಸಿ ಸಡಿಲ ಬುಡು.
ಬಿಸಿ ತಡಿಯೋದು ಹೊಟ್ಟಲ್ಲ,
ಹೊಟ್ಟಿನ ಸಂದೀಲಿ ಅಲ್ಲಾಡದೆ ಕೂತಿರೋ ಗಾಳಿ."

ಅಲ್ಲಾಡದೆ ಕೂತ ಗಾಳಿ!
ಬೆಳೆ ಹೋದ ಮೇಲೆ ನಮ್ಮನೆಯವರು
ಹದಿನೈದು ದಿನ ಹಾಗೇ ಕೂತಿದ್ದರು ಜಗಲಿಯಲ್ಲಿ.
ಏನನ್ನು ತಡೆಯುತ್ತಿದ್ದರೋ
ಕೇಳಲಿಲ್ಲ.

ಅಟ್ಟದಲ್ಲಿ ನಿಲ್ಲಲಾಗದು, ಮಂಡಿಯೂರಬೇಕು.
ಬೇವಿನ ಸೊಪ್ಪು ಮೊದಲು, ಇಲಿಗೆ.
ಆಮೇಲೆ ತೊಲೆಯಿಂದ ತೊಲೆಗೆ ಒಂದೊಂದು ಚೀಲ,
ಮಕ್ಕಳ ಮಗ್ಗುಲಿಗೆ ಮಕ್ಕಳ ಮಲಗಿಸಿದ ಹಾಗೆ.
ಮುರಿದ ಚಂದ್ರಿಕೆ, ಬಾವಲಿ ಹಿಕ್ಕೆ,
ನನ್ನ ಮದುವೆಯ ಟ್ರಂಕಿನ ಮುಚ್ಚಳ (ಟ್ರಂಕು ಎಲ್ಲಿ?),
ಮೂಗು ಬಾಯಿ ಎಲ್ಲ ಹೊಟ್ಟು.
ಮೂರು ದಿನ ಸೀನಿದೆ.
ಸೆರಗು ಒದರಿದರೆ ಇವತ್ತಿಗೂ ಉದುರುತ್ತದೆ.

ನಾಲ್ಕನೇ ದಿನ ನಡುಮಧ್ಯಾಹ್ನ
ಕೆಳಗಿಳಿದು ಕೋಣೆಯಲ್ಲಿ ನಿಂತು
ಕೈಯೆತ್ತಿ ಹಲಗೆ ತಡವುತ್ತ ಹೋದೆ.
ತಣ್ಣಗೆ, ತಣ್ಣಗೆ, ತಣ್ಣಗೆ,
ಮೂಲೆಗೆ ಬಂದಾಗ ಹಣೆಗೆ ಬಡಿಯಿತು ಝಳ.
ಹತ್ತಿ ಇಳಿದ ಕಿಂಡಿಯ ಕದವನ್ನೇ ಮರೆತಿದ್ದೆ!
ಎಲ್ಲ ಮುಚ್ಚಿದವಳು
ತಾನು ಬಂದ ದಾರಿಯೊಂದನ್ನು ಬಿಟ್ಟು.

ಅವರ ಕರಿ ಕಂಬಳಿಯನ್ನೇ ಎರಡು ಮಡಿಕೆ ಮಾಡಿ
ಕದಕ್ಕೆ ಮೊಳೆ ಹೊಡೆಯಲು ನಿಂತೆ.
ಯಾಕೆ ಅನ್ನಲಿಲ್ಲ.
ಜಗಲಿಯಿಂದ ಎದ್ದು ಬಂದು
ಏಣಿ ಹಿಡಿದರು.

ಈ ಸಲ ಇಪ್ಪತ್ತೆಂಟು ದಾಟಲಿಲ್ಲ.
ನಾಲ್ಕನೇ ಜ್ವರಕ್ಕೆ ಕೂತವು, ಎದ್ದವು,
ಎದ್ದು ತಿಂದವು ಹಗಲೂ ಇರುಳೂ,
ಕತ್ತಲಲ್ಲಿ ಯಾರೋ ಸಾವಿರ ಹೊಸ ಸೀರೆ
ಮಡಚುತ್ತಿರುವ ಸದ್ದು.
ಹಣ್ಣಾಗಿ ಚಂದ್ರಿಕೆಗೆ ಬಿಟ್ಟರೆ
ತಲೆಯಾಡಿಸುತ್ತ ಶುರು ಮಾಡಿದವು ತಮ್ಮ ತಮ್ಮ ಅಟ್ಟ.
ಇವಕ್ಕೆ ಯಾವ ಆಚಾರಿ ಹೇಳಿದ,
ಎಳೆಯ ನಡುವೆ ವಸಿ ಗಾಳಿ ಬುಡು ಅಂತ?
ಬಿಸಿಲು ತಡೆಯುತ್ತದೆ ಗೂಡು, ಚಳಿ ತಡೆಯುತ್ತದೆ.
ನೂಲು ಬಿಚ್ಚುವ ಬಾಣಲೆಯ ನೀರು, ಅದೊಂದನ್ನು ಬಿಟ್ಟು.
ಅದ ನೆನೆಯುತ್ತ ಕೂತರೆ
ಈ ಕಸುಬು ಆಗುವುದಿಲ್ಲ.

ಗೂಡು ಹೊತ್ತು ಅವರು ರಾಮನಗರದ ಬಸ್ಸು ಹತ್ತಿದರು.
ನಾನು ತಟ್ಟೆ ತೊಳೆದು, ಬ್ಲೀಚಿಂಗ್ ಪುಡಿ ಎರಚಿ,
ನೆಲ ಒರೆಸಿ, ವಾಸನೆ ಹೋಗಲೆಂದು ಕಿಟಕಿ ತೆರೆದೆ.
ಮಾರನೆಯ ದಿನ ಹನ್ನೆರಡು ಗಂಟೆ.
ಕೆಳಮನೆಯ ಪಡಸಾಲೆಗೆ ಪಡುವಣ ಗೋಡೆಯ ಕಾವು,
ಅಡುಗೆಮನೆ ಬಾಣಲೆ.
ಖಾಲಿ ಮಹಡಿಗೆ ಒಂದು ಚಾಪೆ ತಂದು
ಬಿಡಿಸಿ ಮಲಗಿದೆ.
ಹದಿನಾಲ್ಕು ವರ್ಷದ ಮನೆ,
ಈ ಕೋಣೆಯಲ್ಲಿ ಬೆನ್ನು ನೆಲಕ್ಕೆ ಹಚ್ಚಿದ್ದು ಅವತ್ತೇ.
ಹುಳಕ್ಕೆ ಕಟ್ಟಿದ ತಂಪು
ನನಗೂ ಸಾಕಷ್ಟಿತ್ತು.

ಅವರು ಬಂದು ಕೆಳಗೆಲ್ಲ ಕೂಗಿ
ಆಮೇಲೆ ಮೆಟ್ಟಿಲು ಹತ್ತಿದರು.
ರೇಟು ಎಷ್ಟು ಸಿಕ್ಕಿತು ಅಂತ
ನಾನು ಕೇಳಲಿಲ್ಲ.
ಚಾಪೆಯಲ್ಲಿ ವಸಿ
ಅತ್ತ ಸರಿದೆ.