ಮರದ ಹೊಟ್ಟ್ಯಾಗಿನ ಮೊಹರು

ರಾತ್ರಿ ಗಾಳಿಗಿ ಸಾಗವಾನಿ ಮರ ಬಿದ್ದದ.
ಬುಡ ಕುಂಚಾವರಂ ಅಡವ್ಯಾಗ, ನಮ್ಮ ಬೀಟಿನಾಗ;
ತಲಿ ಆಚಿ, ತೆಲಂಗಾಣದ ಹುಲ್ಲಿನಾಗ.
ನಡುವಿನ ಗಡಿ ಕಲ್ಲು
ಮರದ ಭಾರಕ್ಕ ಒಂದು ಮಗ್ಗಲಾ ವಾಲ್ಯದ,
ನಿದ್ದಿಗಣ್ಣಿನ ಚೌಕೀದಾರನಂಗ.

ಸಾಹೇಬ್ರು ಫೋನಿನಾಗ ಕೇಳ್ತಾರ:
"ಪಂಚನಾಮಾ ಯಾರ್ದು, ಅವರ್ದೋ ನಮ್ದೋ?"
ಆಚಿ ಗಾರ್ಡು ಯಾದಯ್ಯ ಆಗಲೇ ಬಂದು
ಟೊಂಗಿ ಮ್ಯಾಲ ಕುಂತು ಬೀಡಿ ಹಚ್ಚ್ಯಾನ.
"ಆಕುಲು ಮಾವಿ, ವೇರ್ಲು ಮೀವಿ," ಅಂತಾನ ನಕ್ಕೋತ.
ಎಲಿ ಅವರ್ದಂತ, ಬೇರು ನಮ್ದಂತ.
ನೆರಳಿನ ಮಾತು ಇಬ್ಬರೂ ಎತ್ತಲಿಲ್ಲ.

ಕಡಿಯಾಕ ಚಿಂಚೋಳಿಯಿಂದ ಗೈಬುಸಾಬನ್ನ ಕರಸೀವಿ.
ಎಪ್ಪತ್ತರ ಮುದುಕ, ಕೊಡ್ಲಿಗಿಂತ ಕಿವಿ ಚೂಪು;
ಮರ ಬಡಿದು, ಹೊಟ್ಟಿ ಟೊಳ್ಳೋ ಗಟ್ಟಿಯೋ ಹೇಳಾಂವ.
ಬುಡದಿಂದ ಎದಿಮಟ, ಒಂದು ಕಡಿ ಬಡದ,
ನಿಂತ. ಮತ್ತ ಬಡದ.
"ಇಲ್ಲೇನೋ ಅದ, ಮಾಳಪ್ಪಾ."
ಬೆಣಿ ಇಟ್ಟು ಸೀಳಿದ್ರ ಬಾಗಲದಂಗ ತೆರೀತು:
ಒಳಗ ಎರಡು ಅಕ್ಷರ.

ಒಂದು ಹೋಳಿನಾಗ ತಗ್ಗು, ಇನ್ನೊಂದರಾಗ ಉಬ್ಬು.
ತಗ್ಗಿನ್ಯಾಗ ಬೆರಳಾಡಿಸಿ ಓದಿದ, ಬಲದಿಂದ ಎಡಕ್ಕ:
"ಸೀನ್. ಐನ್. ಸರ್ಕಾರೇ ಆಲಿ."
ಉಬ್ಬಿದ್ದು ತಿರುಗಾ ಮುರುಗಾ ಆಗಿ
ಎಡದಿಂದ ಬಲಕ್ಕ ಹೊಂಟಿತ್ತು, ನಮ್ಮ ಕನ್ನಡದಂಗ.

ಮೊಹರಿನ ಹೊರಗಿನ ಬಳಿ ಎಣಿಸಿದ್ವಿ: ಎಪ್ಪತ್ತಾರು.
ಕಡೀಬೇಕಂತ ಸುತ್ತಿಗಿ ಹೊಡೆದು ಹೋದವರು
ಆ ವರ್ಷ ತಿರುಗಿ ಬರ್ಲೇ ಇಲ್ಲ.
ಜಂಗಲಾತಿನ ದಫ್ತರಕ್ಕ ಬ್ಯಾರೆ ಬಾವುಟ ಬಂತು,
ಉರ್ದು ಫೈಲು ಇಂಗ್ಲಿಷಾತು, ಇಂಗ್ಲಿಷು ಕನ್ನಡಾತು,
ಐವತ್ತಾರರಾಗ ಈ ಕಲ್ಲು ಬಂತು.
ಮರ ಮಾತ್ರ ಗಾಯದ ಮ್ಯಾಲ ಮೈ ಎಳಕೊಂಡು
ತನ್ನ ಸಾವಿನ ಹುಕುಂ ನುಂಗಿ ನಿಂತಿತ್ತು.

ತಾಂಡಾದ ಢಾಕುಬಾಯಿ, ಸೌದಿ ಆಸಿಗಿ ಬಂದಾಕಿ,
ಮೊಹರು ನೋಡಿ ಮೂಗು ಮುರಿದಳು:
"ನಮ್ಮವ್ವನ ಎತ್ತಿಗಿ ಬನ್‌ಚರಾಯಿ ವಸೂಲಿ ಮಾಡಿದವರು ಇವರೇನು?
ತಲಿಗಿ ಎರಡಾಣೆ, ಆಡಿಗಿ ಬ್ಯಾರೆ.
ಈಗ ನೋಡು, ಬೀಡಿ ಎಲಿ
ಆಚಿ ಹರಿದ್ರ ಕೂಲಿ, ಈಚಿ ಹರಿದ್ರ ಕೇಸು.
ಗಿಡಕ್ಕ ಹೇಳೀರೇನು, ಯಾವ ಟೊಂಗಿಗಿ ಯಾವ ಕಾಯ್ದಾ ಅಂತ?"
ಯಾದಯ್ಯ ಬೀಡಿ ಆರಿಸಿದ. ನಾ ನೆಲ ನೋಡಿದೆ.
ಹೋದ ತಿಂಗಳು ಆಕಿ ಗಂಟು ಕಸಗೊಂಡಾಂವ ನಾನೇ.

ಸಂಜಿಕ ಅಳತಿ ಮುಗೀತು.
ಗರಗಸ ಕಲ್ಲಿನ ನೇರಕ್ಕ ನಡೀತು:
ಆಚಿಂದು ಅವರಿಗಿ, ಈಚಿಂದು ನಮಗ.
ಉಬ್ಬಿದ ಅಕ್ಷರದ ಚಕ್ಕಿ
ಗೈಬುಸಾಬ ಅಂಗಿಯೊಳಗ ಇಟ್ಕೊಂಡ. ನಾ ನೋಡಿಲ್ಲ.
ರಜಿಸ್ಟರಿನ್ಯಾಗ "ದೋಷ" ಅನ್ನೋ ಖಾನೆದಾಗ
ಬರದೆ: ಗಂಟು, ಒಂದು.

ಹೋಗೋ ಮುಂದ ನಾನೂ ಯಾದಯ್ಯನೂ ಹೆಗಲು ಕೊಟ್ಟು
ಗಡಿ ಕಲ್ಲು ಎತ್ತಿ ನಿಲ್ಲಿಸಿದ್ವಿ.
ನಾಕು ಬಟ್ಟು ಆಚಿಗಿ ಹೋಗಿರಬೇಕು, ಇಲ್ಲಾ ಈಚಿಗಿ.
ಯಾರೂ ಅಳೀಲಿಲ್ಲ.