ಮುಳ್ಳು

ನಾಪೋಕ್ಲು ಠಾಣೆ. ರಾತ್ರಿ ಪಾಳಿ.
ಕರೆಂಟು ಹೋಗಿ ಎರಡು ಗಂಟೆ, ವಯರ್‌ಲೆಸ್ ಆಗಾಗ ಕೆಮ್ಮುತ್ತದೆ.
ಅಕ್ಕನ ಮಗ ಪೊನ್ನು ಫೋನಿಗೆ ಹಾಕಿಕೊಟ್ಟಿದ್ದ ಆಟ ತೆರೆದೆ.
"ನೀನು ಪೊಲೀಸಲ್ವಾ ಚಿಕ್ಕಮ್ಮ, ನಿಂಗೆ ಸುಲಭ."

ಊರೆಲ್ಲ ಕಪ್ಪು ಬಿಳುಪು. ಬೀದಿದೀಪಗಳ ಕೆಳಗೆ ಹೊಗೆ.
ಎಲ್ಲೋ ಮೂಲೆಯಲ್ಲಿ ಸ್ಯಾಕ್ಸಫೋನ್ ಗೋಳಾಡುತ್ತದೆ.
ಮಳೆಯೂ ಇದೆ. ಅಂದರೆ, ಅಲ್ಲಿಯವರು ಅದನ್ನು ಮಳೆ ಅನ್ನುತ್ತಾರೆ.
ಕಕ್ಕಡದಲ್ಲಿ ಅಷ್ಟು ಬಿಡುವು ಕೊಟ್ಟರೆ
ನಾವು ಬಟ್ಟೆ ಒಣಗಲು ಹಾಕುತ್ತೇವೆ.

ಪತ್ತೇದಾರ ಒಬ್ಬ ಚಿಪ್ಪುಹಂದಿ.
ಕೋಟು ಹೊಲಿಸುವ ಖರ್ಚಿಲ್ಲ, ಹುಟ್ಟುವಾಗಲೇ ತೊಟ್ಟು ಬಂದಿದ್ದಾನೆ.
ಟೋಪಿ ಮಾತ್ರ ಬಾಡಿಗೆಯದು.
ಯಾರಾದರೂ ಗದರಿದರೆ ಉಂಡೆಯಾಗಿ ಉರುಳುತ್ತಾನೆ.
ನಮ್ಮ ಹಿಂದಿನ ಸಾಹೇಬರೂ ಹಾಗೇ ಇದ್ದರು, ಹೆಸರು ಬೇಡ.

ಕೇಸು ಇಷ್ಟೇ: ಪೇಟೆ ಗೋಪುರದ ಗಡಿಯಾರದಿಂದ
ಮುಳ್ಳು ಎರಡೂ ಕಳವು. ದೊಡ್ಡದೊಂದು, ಚಿಕ್ಕದೊಂದು.

ಮಹಜರಿಲ್ಲ, ಪಂಚರಿಲ್ಲ,
ಸಹಿ ಕೇಳಿದ ಕೂಡಲೇ ಸಾಕ್ಷಿ ತೋಟದೊಳಗೆ ಮಾಯವಾಗುವುದಿಲ್ಲ.
ಬಾರಿನಲ್ಲಿ ಹಾಡುವ ಬೆಕ್ಕು ಕಣ್ಣು ಕಿರಿದು ಮಾಡಿ
ಎಷ್ಟು ಚೆಂದದ ಸುಳ್ಳು ಹೇಳಿತೆಂದರೆ
ಇನ್ನೊಮ್ಮೆ ಹೇಳು ಎಂದು ಕೇಳಿಸಿಕೊಂಡೆ.
ಹೋಟೆಲಿನ ಹಂದಿ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿ
"ನನ್ನ ಮುಖ ನೋಡಿ ಮಾತಾಡಿ" ಎಂದಾಗ
ಆಗಲಿಲ್ಲ. ಭಾನುವಾರದ ಪಂದಿಕರಿ,
ಅದರ ಕಾಚಂಪುಳಿ, ಇನ್ನೂ ಬೆರಳ ತುದಿಯಲ್ಲಿತ್ತು.
ವಿಳಾಸ ಕೂಡ ಕೇಳದೆ ಬಿಟ್ಟು ಕಳಿಸಿದೆ.

ಆಟ ನನ್ನನ್ನು ಕೋತಿಗಳ ಕಡೆಗೇ ತಳ್ಳುತ್ತಿತ್ತು.
ಕೈಗುರುತು, ಕೈಗವಸು, ಕೈಚಳಕ, ಸುಳಿವೆಲ್ಲ ಕೈಯದೇ.
ಆಮೇಲೆ ಹೊಳೆಯಿತು. ಇದನ್ನು ಕಟ್ಟಿದವರ ಇಂಗ್ಲಿಷಿನಲ್ಲಿ
ಗಡಿಯಾರಕ್ಕಿರುವುದು ಕೈ.
ನಮ್ಮದಕ್ಕೆ ಮುಳ್ಳು.
ಮುಳ್ಳು ಬಚ್ಚಿಡಲು ಮುಳ್ಳಿಗಿಂತ ಒಳ್ಳೆಯ ಜಾಗ ಯಾವುದು?
ಗೋಪುರದ ರಾತ್ರಿ ಕಾವಲುಗಾರ, ಮುಳ್ಳುಹಂದಿ,
ನೇರ ಅವನ ಹತ್ತಿರ ಹೋಗಿ, ಬೆನ್ನು ತಿರುಗಿಸು ಅಂದೆ.
ನೂರಾರರ ನಡುವೆ ಎರಡು ಮಾತ್ರ ಹಿತ್ತಾಳೆ.

ಓಡಲಿಲ್ಲ ಅವನು. ಲಾಟೀನು ಕೆಳಗಿಟ್ಟ.
"ಅವಳದು ಬೇಕರಿ, ಬೆಳಗ್ಗೆ ಆರಕ್ಕೆ ಶುರು.
ನನ್ನ ಪಾಳಿ ಆರಕ್ಕೆ ಮುಗಿಯುತ್ತದೆ.
ದಾರಿಯ ಸೇತುವೆ ಮೇಲೆ ಸಿಗುತ್ತೇವೆ,
ಬುತ್ತಿ ಈ ಕೈಯಿಂದ ಆ ಕೈಗೆ ಹೋಗುವಷ್ಟು ಹೊತ್ತು.
ಆರು ಗಂಟೆ ಇನ್ನೊಂಚೂರು ನಿಲ್ಲಲಿ ಅಂತ..."

ಪರದೆಯ ಮೇಲೆ ಒಂದೇ ಗುಂಡಿ: ಬಂಧಿಸು.
ಇಪ್ಪತ್ತೊಂದು ವರ್ಷದ ಸರ್ವಿಸು ನನ್ನದು.
ಬೆರಳು ಅಲ್ಲೇ ಮೇಲೆ ಹಿಡಿದು ಕೂತೆ.
ಚಿಪ್ಪುಹಂದಿ ಕಾಯುತ್ತ ಟೋಪಿ ತೆಗೆದ, ತಲೆ ಕೆರೆದ,
ಹಾಕಿಕೊಂಡ, ಮತ್ತೆ ತೆಗೆದ.
ಸುಮ್ಮನಿರುವಾಗ ಅವನಿಗೆ ಕೊಟ್ಟಿರುವ ಕೆಲಸ ಅಷ್ಟೇ.

ಸೆಂಟ್ರಿ ಸುಬ್ರಾಯ ಇಣುಕಿದ:
"ಮೇಡಂ, ಬೇತು ರಸ್ತೆಗೆ ಆನೆ ಇಳಿದಿದೆಯಂತೆ."
ಎಷ್ಟು? ಮೂರು, ಅದರಲ್ಲಿ ಒಂದು ಮರಿ.
ಫಾರೆಸ್ಟಿನವರಿಗೆ ಫೋನು ಮಾಡಿದೆ.
ಆ ಮೂರಕ್ಕೂ ಮಾತು ಬರುವುದಿಲ್ಲ.
ಬಂದಿದ್ದರೆ ಠಾಣೆಗೇ ಬರುತ್ತಿದ್ದವು,
ದೂರು ಯಾರ ಮೇಲೋ.

ಐದೂ ಐವತ್ತೆಂಟು. ಚಾರ್ಜು ನಾಲ್ಕು ಪರ್ಸೆಂಟು.
ವಿರಾಜಪೇಟೆಯ ಮೊದಲ ಬಸ್ಸು ಠಾಣೆ ಎದುರು ನಿಧಾನವಾಗಿ
ಎರಡು ಸಲ ಹಾರನ್ ಹೊಡೆಯಿತು.
ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ.
ಸುಬ್ರಾಯ ಅತ್ತ ತಿರುಗಿ ಗೋಡೆಯ ನೋಟೀಸು ಓದತೊಡಗಿದ.
ಬಾಗಿಲ ತನಕ ಹೋಗಿ, ಕೈಯೆತ್ತಿ, ಬಂದೆ.

ಡೈರಿ ಬರೆದೆ: ಆನೆ ಮೂರು. ಬೇರೆ ವಿಶೇಷವಿಲ್ಲ.

ಸಂಜೆ ಪೊನ್ನು ಫೋನು ಕಿತ್ತುಕೊಂಡು ಕೂಗಿದ:
"ಕಳ್ಳ ಎದುರಿಗೇ ನಿಂತಿದ್ದಾನೆ! ಯಾಕೆ ಒತ್ತಿಲ್ಲ?"
ತನಿಖೆ ನಡೀತಾ ಇದೆ, ಅಂದೆ.