ಎರಡು ಮೇಜು

ಕಿಲ್ಲಿಬೆಗ್ಸ್ ಬಂದರಿನ ಚರ್ಚು ಹಾಲಿನಲ್ಲಿ
ಶುಕ್ರವಾರ ಸಂಜೆ ಎರಡು ಮೇಜು:
ಹುಡುಗರಿಗೆ ಹಗ್ಗ, ಹುಡುಗಿಯರಿಗೆ ಉಣ್ಣೆ.
ಹಾಗೆಂದು ಯಾರೂ ಬರೆದಿಟ್ಟಿಲ್ಲ,
ಕುರ್ಚಿಗಳೇ ಹೇಳಿಬಿಡುತ್ತವೆ.

ಫಿಯಾಕ್ರ ಉಣ್ಣೆಯುಂಡೆ ನೋಡಿ
ನೋಡದವನಂತೆ ಮೂಗೊರೆಸಿಕೊಂಡ.
ಗ್ರಾನ್ಯಾ ಕೇಳಿಯೇಬಿಟ್ಟಳು:
"ಹಗ್ಗ ಕತ್ತರಿಸುವ ಚಾಕು ನನಗೆಂದು?"
ಬ್ಯಾಡ್ಜಿನ ಡಬ್ಬಿ ಕಾಯುವ ನಾನು
ಕೆಮ್ಮಿದೆ.

ಮೊಮ್ಮಗನನ್ನು ಕರೆದೊಯ್ಯಲು ಬಂದ ಮುದುಕ ಕೊನಲ್
ಟೋಪಿ ಬಗಲಿಗಿಟ್ಟು
ಜಾರಿದ ಹೆಣಿಗೆಯ ಕಣ್ಣೊಂದನ್ನು
ಡಾಂಬರು ಮೆತ್ತಿದ ಹೆಬ್ಬೆರಳಲ್ಲೇ ಎತ್ತಿ ಕಡ್ಡಿಗೇರಿಸಿದ.
"ಆಳಕಡಲಲ್ಲಿ ಮೂರು ವಾರ. ಕಾಲುಚೀಲ ಹರಿದರೆ
ನಾವೇ ಹೆಣೀತಿದ್ವಿ.
ಇನ್ಯಾರು ಬರ್ತಿದ್ರು ಅಲ್ಲಿಗೆ?"

ಯಾರೂ ಮೇಜು ಜೋಡಿಸಲಿಲ್ಲ ಆಮೇಲೆ.
ಫಿಯಾಕ್ರನ ಜೇಬಿನಿಂದ ಮಾತ್ರ
ಹಸಿರೆಳೆಯೊಂದು ಇಣುಕುತ್ತ
ಬಂದರಿನುದ್ದ ನಡೆದುಹೋಯಿತು.

ಚಾಕು ಇನ್ನೂ ನನ್ನ ಕೈಯಲ್ಲೇ ಇದೆ, ಗ್ರಾನ್ಯಾ.
ಹಿಡಿ ನಿನ್ನ ಕಡೆಗಿದೆ.